ಐದು ಸಾವಿರದ ಟ್ಯಾಂಕು, ಮುನ್ನೂರು ಲೀಟರ್ ಹಾಲು

“ಬಾಯಿ ಮುಚ್ಚೇ! ನನ್ನ ಅಂಗಳದಲ್ಲೇ ನಿಂತು ನನ್ನ ದನ ಎಷ್ಟು ಅಂತ ಕೇಳ್ತೀಯಾ? ನಿಮ್ಮಪ್ಪ ಬದುಕಿದ್ದಿದ್ರೆ ನಾಲಿಗೆಗೆ ಬರೆ ಹಾಕ್ತಿದ್ದ!”

ಮುಗರೂರನ ಕೂಗಿಗೆ ಮುಳ್ಳುಬೇಲಿಯ ಮೇಲಿದ್ದ ಹಕ್ಕಿಗಳು ಹಾರಿಹೋದವು. ಅವನ ಅಣ್ಣನ ಮಗಳು ಕ್ಯಾರಿಕುಂಡ ಮಾತ್ರ ಕದಲಲಿಲ್ಲ.

“ನಮ್ಮಪ್ಪ ಬದುಕಿದ್ದಿದ್ರೆ ನನಗಿಂತ ಮೊದಲು ಅವನೇ ಕೇಳ್ತಿದ್ದ, ಚಿಕ್ಕಪ್ಪ. ಟ್ಯಾಂಕು ತರೋಕೆ ಹೊರಟಿದ್ದೀಯ. ಎಷ್ಟು ಹಾಲಿಗೆ ಅಂತ ಕೇಳಬಾರದಾ?”

“ಎಣಿಸಿದ ದನ ಉಳಿಯಲ್ಲ. ಮೊಲೆ ಕುಡಿಯೋ ಮಗೂಗೂ ಗೊತ್ತಿರೋ ಮಾತು. ಪಟ್ಟಣದಲ್ಲಿ ಸ್ಪ್ಯಾನರ್ ಹಿಡಿದೂ ಹಿಡಿದೂ ನೀನು ಮರೆತಿದ್ದೀಯ!”

ಸುತ್ತ ಕೂತಿದ್ದ ಗಂಡಸರು ಊರುಗೋಲಿನ ಮೇಲೆ ಗಲ್ಲ ಊರಿ ತಲೆಯಾಡಿಸಿದರು. ರ್ವೆಂಜುಬು ಗುಡ್ಡದ ಹದಿನೇಳು ಮನೆಯ ಹಾಲಿನ ಸಂಘ ಅದು. ಮುಗರೂರ ಅದರ ಅಧ್ಯಕ್ಷ. ಹಾಲನ್ನು ತಂಪಾಗಿಡುವ ದೊಡ್ಡ ಟ್ಯಾಂಕು ಕೊಳ್ಳಲು ಮನೆಗೊಂದು ಕಡಸು ಮಾರುವುದೆಂದು ತೀರ್ಮಾನವಾಗಿತ್ತು. ಹದಿನೇಳು ಕಡಸುಗಳನ್ನೂ ಬೆಳಗ್ಗೆಯೇ ಬೇಲಿಯ ಪಕ್ಕಕ್ಕೆ ಹೊಡೆದು ತಂದಿದ್ದರು. ಮಧ್ಯಾಹ್ನ ಟ್ಯಾಂಕು ಮಾರುವ ವ್ಯಾಪಾರಿ ಬ್ವೆಂಗ್ಯೆ ಬರುತ್ತಾನೆ, ಸಹಿ ಬೀಳುತ್ತದೆ, ಕಡಸುಗಳು ಸಂತೆಗೆ ಹೋಗುತ್ತವೆ. ಹೋದ ಕಡಸು ಹೋದಂತೆಯೇ. ತಂದ ಟ್ಯಾಂಕು ಕೈಕೊಟ್ಟರೆ ಮನೆಯ ಹೆಣ್ಣುಕರುವೂ ಇಲ್ಲ, ಹಾಲಿಗೆ ದಾರಿಯೂ ಇಲ್ಲ.

ಎಂಬರಾರ ಎಂಬ ಪಟ್ಟಣದಲ್ಲಿ ಹತ್ತು ವರ್ಷದಿಂದ ಇಂಥ ಟ್ಯಾಂಕುಗಳನ್ನೇ ರಿಪೇರಿ ಮಾಡುವವಳು ಕ್ಯಾರಿಕುಂಡ. ಸುದ್ದಿ ಕೇಳಿದವಳೇ ಮೊದಲ ಬಸ್ಸು ಹಿಡಿದು ಬಂದಿದ್ದಳು.

“ಬ್ವೆಂಗ್ಯೆಗೆ ಎಷ್ಟು ಹಾಲು ಅಂತ ಹೇಳಿದ್ದೀಯ?” ಎಂದು ಕೇಳಿದಳು.

“ದಿನಕ್ಕೆ ನಾಲ್ಕು ಸಾವಿರ ಲೀಟರ್.”

“ಅಳೆದು ಹೇಳಿದ್ಯಾ?”

“ಅಳೆಯೋದೇನೇ? ಗುಡ್ಡದ ಮೇಲೆ ನಿಂತು ದನ ತೋರಿಸಿದೆ. ಅವನೇ ಬಾಯಿ ಬಿಟ್ಟ. ‘ನಿಮ್ಮಂಥೋರಿಗೆ ಐದು ಸಾವಿರದ ಟ್ಯಾಂಕೇ ಸರಿ, ಯಜಮಾನ್ರೇ’ ಅಂದ.”

ಹಾಗೆ ಹೇಳುವಾಗ ಮುಗರೂರನ ಎದೆ ಒಂದು ಗೇಣು ಉಬ್ಬಿತು. ಪಕ್ಕದ ಗುಡ್ಡದವರ ಟ್ಯಾಂಕು ಎರಡು ಸಾವಿರದ್ದು. ಅದಕ್ಕಿಂತ ದೊಡ್ಡದು ತನ್ನ ಗುಡ್ಡದಲ್ಲಿ ಹೊಳೆಯುತ್ತ ನಿಲ್ಲುವುದನ್ನು ಅವನು ಆಗಲೇ ಹತ್ತು ಸಲ ಕಣ್ಣ ಮುಂದೆ ತಂದುಕೊಂಡಿದ್ದ.

“ದೊಡ್ಡದಿದ್ರೆ ಏನು ತಪ್ಪು?” ಎಂದ ಮುದುಕ ಕತಬಾಜಿ. “ಹಾಲು ಕಮ್ಮಿಯಾದ್ರೆ ಕಮ್ಮಿ ಹಾಕಿದರಾಯ್ತು. ದೊಡ್ಡ ಮನೇಲಿ ಒಬ್ಬನೇ ಮಲಗಿದ್ರೆ ನಿದ್ದೆ ಬರಲ್ವಾ?”

ಗಂಡಸರೆಲ್ಲ ನಕ್ಕರು. ಕ್ಯಾರಿಕುಂಡಳಿಗೂ ನಗು ಬಂತು. ಅವಳು ಎದ್ದು ಒಳಗೆ ಹೋಗಿ, ಮದುವೆ ಅಡುಗೆಗೆ ಇಟ್ಟಿದ್ದ ದೊಡ್ಡ ಹಂಡೆಯನ್ನು ದರದರ ಎಳೆದು ತಂದಳು. ಅದರ ಬಾಯಿಗೆ ಅಡ್ಡವಾಗಿ ಒಂದು ಕೋಲಿಟ್ಟು, ಕೋಲಿಗೆ ಸೌಟು ಕಟ್ಟಿ ಇಳಿಬಿಟ್ಟಳು. ಆಮೇಲೆ ಎರಡು ಲೋಟ ರಾಗಿ ಅಂಬಲಿ ಸುರಿದಳು.

“ಬಾ ಚಿಕ್ಕಪ್ಪ, ತಿರುವು.”

ಮುಗರೂರ ಸೌಟು ತಿರುಗಿಸಿದ. ಸೌಟು ಗಾಳಿಯಲ್ಲೇ ಗಿರಗಿರ ಸುತ್ತಿತು. ಅಂಬಲಿ ತಳದಲ್ಲಿ ಅಲುಗದೆ ಕೂತಿತ್ತು.

“ತಲುಪ್ತಾ ಇಲ್ವಲ್ಲೇ.”

“ಟ್ಯಾಂಕಿನ ಒಳಗೂ ಹೀಗೇ ಒಂದು ಸೌಟು ಇರುತ್ತೆ. ಹಾಲನ್ನ ಅದು ತಿರುವುತ್ತಾ ಇದ್ರೇನೇ ತಂಪು ಎಲ್ಲಾ ಕಡೆ ಹರಡೋದು. ಹಾಲು ಕಮ್ಮಿ ಆಯ್ತು ಅಂದ್ರೆ ಸೌಟಿಗೆ ಸಿಗಲ್ಲ. ತಳದ ಹಾಲು ಮಂಜುಗಡ್ಡೆ, ಮೇಲಿನ ಹಾಲು ಬೆಚ್ಚಗೆ. ಬೆಳಗ್ಗೆ ಹಾಲು ಒಯ್ಯೋ ಲಾರಿಯವನು ಬಂದು ಮೂಸಿ ನೋಡಿ ‘ನೀವೇ ಕುಡ್ಕೊಳ್ಳಿ’ ಅಂತ ಹೋಗ್ತಾನೆ. ಅಂಥ ಗಡ್ಡೆ ಕೆರೆದೂ ಕೆರೆದೂ ನನ್ನ ಉಗುರು ಸವೆದಿವೆ.”

ಕತಬಾಜಿ ಹಂಡೆಯೊಳಗೆ ಬಗ್ಗಿ ನೋಡಿದ. “ಅಯ್ಯೋ, ಅಂಬಲಿ ದಂಡ ಆಯ್ತಲ್ಲ,” ಎಂದ. ಮತ್ತೆ ನಗು.

ಮುಗರೂರನಿಗೆ ನಗು ಬರಲಿಲ್ಲ. ಹುಡುಗಿ ಹೇಳುವುದರಲ್ಲಿ ಹುರುಳಿದೆ ಎಂದು ಅವನಿಗೆ ಗೊತ್ತಾಗಿತ್ತು. ಆದರೆ ಹಿರಿಯರು ಹಾಕಿದ ಗೆರೆ ದಾಟುವುದು ಹೇಗೆ? “ನಿನ್ನ ಮಾತು ಸರಿಯೇ ಇರಬಹುದು. ಆದ್ರೂ ನಾನು ದನ ಎಣಿಸಲ್ಲ. ಇಲ್ಲಿ ಕೂತಿರೋ ಯಾರೂ ಎಣಿಸಲ್ಲ. ಹಾಲು ಎಷ್ಟು ಅಂದರೂ ಒಂದೇ. ಹಾಲು ಹೇಳಿದ್ರೆ ದನ ಹೇಳಿದ ಹಾಗೇ ತಾನೆ?”

ಆಗ ಅವನ ಹೆಂಡತಿ ಕೆಬಿರುಂಗಿ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಮರದ ಹಾಲಿನ ಪಾತ್ರೆಯಿತ್ತು. ಆಗಷ್ಟೇ ಹುಲ್ಲಿನ ಹೊಗೆ ಹಾಕಿದ್ದರಿಂದ ಘಮಘಮ ಎನ್ನುತ್ತಿತ್ತು.

“ದನ ನಿಮ್ದು, ನೀವು ಎಣಿಸಬೇಡಿ,” ಎಂದಳು. “ಪಾತ್ರೆ ನಮ್ದು. ಹಾಲು ಕರೆದು ಕೈಗೆ ಕೊಟ್ಟು ಹೋಗ್ತೀರಿ. ಆಮೇಲೆ ಕರುವಿಗೆಷ್ಟು, ಮಕ್ಕಳಿಗೆಷ್ಟು, ತುಪ್ಪಕ್ಕೆಷ್ಟು, ಮಾರೋಕೆ ಎಷ್ಟು, ಯಾವತ್ತಾದ್ರೂ ಕೇಳಿದ್ದೀರಾ? ಟ್ಯಾಂಕಿಗೆ ಬೀಳೋದು ಮಿಕ್ಕಿದ ಹಾಲು. ಅದರ ಲೆಕ್ಕ ಹದಿನೇಳು ಮನೆ ಹೆಂಗಸರಿಗೂ ಗೊತ್ತು.”

“ನಿನ್ನ ಪಾತ್ರೆ ಎಷ್ಟು ಅಂತ ಊರಿಗೆಲ್ಲ ಸಾರ್ತೀಯೇನೇ?”

“ಯಾರಿಗೂ ಹೇಳಲ್ಲ. ಬಾಯಿ ಇರೋರು ಹೇಳ್ತಾರೆ. ಕಾಳಿಗೆ ಬಾಯಿ ಇದೆಯೇನು?”

ಅವಳು ಎರಡು ಸೋರೆಬುರುಡೆ ತಂದು ಒಳಮನೆಯ ಕತ್ತಲಲ್ಲಿ ಇಟ್ಟಳು. ಸಂಘದ ಹೆಂಗಸರನ್ನೆಲ್ಲ ಕರೆದಳು. ಹತ್ತು ಲೀಟರಿನ ಒಂದು ಕ್ಯಾನಿಗೆ ಒಂದು ಕಾಳು. ಮಳೆ ಚೆನ್ನಾಗಿ ಬಿದ್ದ ತಿಂಗಳಲ್ಲಿ ದಿನಕ್ಕೆ ಎಷ್ಟು ಕ್ಯಾನು ಮಾರಬಹುದೋ ಅಷ್ಟು ಮೆಕ್ಕೆಜೋಳ ಮೊದಲ ಬುರುಡೆಗೆ. ಹುಲ್ಲು ಒಣಗಿದ ತಿಂಗಳಿನದ್ದಕ್ಕೆ ಹುರುಳಿಕಾಯಿ ಬೀಜ, ಎರಡನೆಯದಕ್ಕೆ. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿ ಬರಬೇಕು. ಯಾರು ಎಷ್ಟು ಹಾಕಿದರೆಂದು ದೇವರಿಗೂ ತಿಳಿಯದು.

ಗಂಡಸರು ಹೂಂ ಎಂದು ಒಪ್ಪಿದರು. ಇದರಲ್ಲಿ ದನ ಎಲ್ಲಿಯೂ ಬರಲಿಲ್ಲ. ಕತಬಾಜಿ ಒಂದು ಸಲ ಎದ್ದು ಒಳಗೆ ಇಣುಕಲು ಹೋದ. ಅವನ ಸೊಸೆಯೇ ಅವನನ್ನು ಅಟ್ಟಿದಳು. “ಮಾವ, ನಿಮಗೇನು ಕೆಲಸ ಇಲ್ಲಿ? ಹೋಗಿ, ಕಡಸು ಕಾಯಿರಿ!”

ಕೊನೆಗೆ ಬುರುಡೆಗಳನ್ನು ಚಾಪೆಯ ಮೇಲೆ ಸುರಿದರು. ಮೆಕ್ಕೆಜೋಳ ನೂರ ಮೂವತ್ತೆಂಟು ಕಾಳು. ಹುರುಳಿಕಾಯಿ ಬೀಜ ಬರೀ ಮೂವತ್ತೊಂದು.

“ಅಂದ್ರೆ?” ಎಂದ ಮುಗರೂರ.

“ಮಳೆಗಾಲದಲ್ಲಿ ಸಾವಿರದ ಮುನ್ನೂರ ಎಂಬತ್ತು ಲೀಟರ್. ಬೇಸಿಗೇಲಿ ಮುನ್ನೂರ ಹತ್ತು,” ಎಂದಳು ಕ್ಯಾರಿಕುಂಡ. “ನಿನ್ನ ನಾಲ್ಕು ಸಾವಿರ ಎಲ್ಲಿ ಮೇಯ್ತಾ ಇದೆ ಚಿಕ್ಕಪ್ಪ?”

ಅಂಗಳದಲ್ಲಿ ನಗೆಯ ಹೊನಲು ಹರಿಯಿತು. ಮುಗರೂರನ ಮುಖ ಮೊದಲು ಕೆಂಪಾಯಿತು. ಆಮೇಲೆ ಮೀಸೆ ಅಲ್ಲಾಡಿತು. ಕೊನೆಗೆ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. “ಗುಡ್ಡದ ಮೇಲಿಂದ ನೋಡಿದ್ರೆ ಜಾಸ್ತಿ ಕಾಣ್ಸುತ್ತೆ ಕಣೇ!”

ನಕ್ಕು ಮುಗಿದ ಮೇಲೆ ಕ್ಯಾರಿಕುಂಡ ಕೇಳಿದಳು. “ಲಾರಿ ದಿನಾ ಬರುತ್ತಾ?”

“ಮಳೇಲಿ ದಾರಿ ಕೆಸರು. ಒಂದಿನ ಬಂದ್ರೆ ಒಂದಿನ ಇಲ್ಲ.”

“ಹಾಗಾದ್ರೆ ಮಳೆಗಾಲದಲ್ಲಿ ಎರಡು ದಿನದ ಹಾಲಿಗೆ ಜಾಗ ಬೇಕು. ಒಂದೇ ದೊಡ್ಡದು ಬೇಡ. ಎರಡು ಸಾವಿರದ್ದೊಂದು, ಒಂದು ಸಾವಿರದ್ದೊಂದು ತನ್ನಿ. ಬೇಸಿಗೇಲಿ ದೊಡ್ಡದನ್ನ ತೊಳೆದು ಮುಚ್ಚಿಡಿ, ಚಿಕ್ಕದನ್ನ ನಡೆಸಿ. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತೆ.”

“ಕರೆಂಟು ಹೋದಾಗ ನಡೆಸೋ ಜನರೇಟರ್?” ಎಂದ ಕತಬಾಜಿ. “ಅದನ್ನಾದ್ರೂ ಸಣ್ಣದು ತರೋಣ ಬಿಡು.”

“ಮಲಗಿರೋ ಹೋರಿ ಏಳುವಾಗ ಹಾಕೋ ಜೋರು, ನಡೆಯುವಾಗ ಹಾಕುತ್ತಾ, ಅಜ್ಜ?”

“ಎಲ್ಲಿ ಹಾಕುತ್ತೆ? ಏಳುವಾಗಲೇ ಎಲ್ಲಾ ಬಲ.”

“ಟ್ಯಾಂಕಿನ ಮೋಟಾರೂ ಹಾಗೇ. ಶುರುವಾಗೋ ಗಳಿಗೇಲಿ ಬೇಕಾದ ಬಲಕ್ಕೆ ಜನರೇಟರ್ ಕೊಳ್ಳಬೇಕು. ನಡೆಯೋ ಬಲ ನೋಡಿ ಕೊಂಡರೆ ಅದು ಕೆಮ್ಮಿ ಕೆಮ್ಮಿ ನಿಂತುಬಿಡುತ್ತೆ.”

ಕತಬಾಜಿ ಇದನ್ನು ಪಕ್ಕದವರಿಗೆಲ್ಲ ಎರಡೆರಡು ಸಲ ಹೇಳಿದ, ತಾನೇ ಕಂಡುಹಿಡಿದವನ ಹಾಗೆ.

ಹೊತ್ತು ನೆತ್ತಿಗೇರುವಾಗ ಬ್ವೆಂಗ್ಯೆಯ ಪಿಕಪ್ ಬಂತು. ಇಸ್ತ್ರಿ ಅಂಗಿ, ಮಿಂಚುವ ಬೂಟು. ಕೆಬಿರುಂಗಿ ಹಾಲು ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಟ್ಯಾಂಕಿನ ಬಣ್ಣದ ಚಿತ್ರ, ಕರಾರಿನ ಕಾಗದ ಹರಡಿದ. “ಸಹಿ ಇಲ್ಲಿ ಹಾಕಿ, ಯಜಮಾನ್ರೇ.”

ಮುಗರೂರ ಪೆನ್ನು ತೆಗೆದುಕೊಳ್ಳಲಿಲ್ಲ. “ಒಂದು ಮಾತು ಕೇಳ್ತೀನಿ ಬ್ವೆಂಗ್ಯೆ. ಈ ಟ್ಯಾಂಕಿನ ಸೌಟು ತಳದಿಂದ ಎಷ್ಟು ಮೇಲಿದೆ?”

“ಸೌಟಾ?”

“ಹಾಲು ತಿರುವೋ ರೆಕ್ಕೆ. ಮುನ್ನೂರು ಲೀಟರ್ ಹಾಕಿದ್ರೆ ಅದಕ್ಕೆ ತಾಗುತ್ತಾ?”

“ಅದೆಲ್ಲಾ ಯಾಕೆ ಚಿಂತೆ? ದೊಡ್ಡ ಕಂಪನಿ ಮಾಲು!”

“ಕಂಪನಿ ದೊಡ್ಡದೋ ಚಿಕ್ಕದೋ ನಾನು ಕೇಳಲಿಲ್ಲ. ಮುನ್ನೂರು ಲೀಟರ್ ನೀರು ಹಾಕಿ ನಮ್ಮೆದುರಿಗೆ ನಡೆಸಿ ತೋರಿಸ್ತೀಯಾ? ನಿನ್ನ ಅಂಗಡಿಗೇ ಬರ್ತೀವಿ, ಹದಿನೇಳು ಮನೆಯೋರೂ.”

ಬ್ವೆಂಗ್ಯೆ ಕ್ಯಾರಿಕುಂಡಳ ಕಡೆ ನೋಡಿದ. ಅವಳ ಕೈಯ ಗ್ರೀಸು ನೋಡಿದ. ಹಣೆಯ ಬೆವರು ಒರೆಸಿಕೊಂಡ.

“ಅಳತೆ ಬರೆದಿರೋ ಕಾಗದ ಗಾಡೀಲಿದೆ. ಇಗೋ ತಂದೆ,” ಎಂದು ಎದ್ದ.

ಪಿಕಪ್ ಬಾಗಿಲು ಧಡ್ ಎಂದಿತು. ಎಂಜಿನ್ ಗುರ್ ಎಂದಿತು. ಧೂಳು ಎದ್ದಿತು. ಗುಡ್ಡದ ತಿರುವಿನವರೆಗೂ ಎಲ್ಲರೂ ಕತ್ತು ಚಾಚಿ ನೋಡಿದರು.

“ಕಾಗದ ಎಂಬರಾರದಲ್ಲೇ ಬಿಟ್ಟು ಬಂದಿರ್ಬೇಕು, ಪಾಪ,” ಎಂದ ಕತಬಾಜಿ.

ಬ್ವೆಂಗ್ಯೆ ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಆ ಗುಡ್ಡಕ್ಕೆ ಅವನು ಮತ್ತೆ ಕಾಲಿಡಲೇ ಇಲ್ಲ. ಹದಿನೇಳು ಕಡಸುಗಳೂ ತಮ್ಮ ತಮ್ಮ ಮನೆಗೆ ಮರಳಿದವು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘವೂ ನಾಳೆ ಗಿರಣಿಯೋ ಗಾಣವೋ ಪಂಪೋ ಕೊಳ್ಳಲು ಹೊರಡಬಹುದು. ಜಂಬಕ್ಕೆ ಕೊಳ್ಳಬೇಡಿ. ಪಕ್ಕದೂರಿನವರದ್ದು ದೊಡ್ಡದು ಎಂದು ಕೊಳ್ಳಬೇಡಿ. ಸುಗ್ಗಿಯ ದಿನ ಎಷ್ಟು, ಬರಿಗೈ ದಿನ ಎಷ್ಟು, ಎರಡನ್ನೂ ಅಳೆಯಿರಿ. ಅಳತೆ ಯಾರ ಕೈಯಲ್ಲಿದೆಯೋ ಅವರನ್ನು ಕೇಳಿ. ಎಷ್ಟೋ ಸಲ ಅದು ಒಲೆಯ ಮುಂದೆ ಇರುವವರ ಕೈಯಲ್ಲಿರುತ್ತದೆ. ಕರೆಂಟು, ನೀರು, ದಾರಿ ನೋಡಿ. ಸಹಿ ಹಾಕುವ ಮೊದಲು ಯಂತ್ರವನ್ನು ನಿಮ್ಮ ಕಣ್ಣೆದುರೇ ನಡೆಸಿ ತೋರಿಸಲು ಹೇಳಿ.

ಉತ್ತರ ಕೊಡದೆ ಎದ್ದು ಹೋಗುವವನನ್ನು ಮಾತ್ರ ತಡೆಯಬೇಡಿ. ಹೋಗಲಿ ಬಿಡಿ.