ದಪ್ಪಗಿರೋದು ತಾ

ಅತ್ತೆಗೆ ಅರ್ಧ ಕಥೆ ಅಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ತಲೆ ನರೆಸಿಕೊಂಡವರು. ಕಂಡಕಂಡವರ ಮಾತಿಗೆ ತಂತಿ ಸಿಕ್ಕಿಸಿ ಕೊಡಬೇಕು, ‘ಹಲೋ, ಅಮ್ಮ ಹೇಗಿದ್ದಾಳೆ?’ ಅನ್ನುವಷ್ಟು ಕಿವಿಗೆ ಬೀಳುತ್ತಿದ್ದ ಹಾಗೆ ತಾವು ಲೈನು ಬಿಡಬೇಕು. ಕದ್ದು ಕೇಳಿದರೆ ಕೆಲಸಕ್ಕೇ ಸಂಚಕಾರ. ಆ ಅಮ್ಮ ಬದುಕಿದಳೋ ಸತ್ತಳೋ, ದೇವರಿಗೇ ಗೊತ್ತು. ನಿವೃತ್ತಿಯಾದದ್ದೇ ತಡ, ಹಟಕ್ಕೆ ಬಿದ್ದವರ ಹಾಗೆ ದಪ್ಪದಪ್ಪ ಕಾದಂಬರಿ ಓದತೊಡಗಿದರು. ಕೊನೆಯ ಪುಟ ಮುಗಿಸಿ, ‘ಸದ್ಯ, ಗೊತ್ತಾಯ್ತು’ ಎಂದುಕೊಂಡ ಮೇಲೆಯೇ ಅವರಿಗೆ ನಿದ್ದೆ.

ಅಂಥವರಿಗೆ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕೈ ಮೀರಿದೆ ಎಂದು ಡಾಕ್ಟರು ಮಗ ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗ ಲಿಫ್ಟ್ ರಿಪೇರಿ ಮಾಡುವವನು. ಎಷ್ಟು ಎತ್ತರದಲ್ಲಿ ನೇತಾಡಿದರೂ ಹೆದರದವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಅಮ್ಮನಿಗೆ ಇದು ಗೊತ್ತಾಗಕೂಡದು ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಅಲ್ಸರ್ ಎಂದು ಹೇಳಿ ಅತ್ತೆಯನ್ನು ಮನೆಗೆ ಕರೆತಂದರು. ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು.

ಅಲ್ಲಿಂದಾಚೆಗೆ ಲೈಬ್ರರಿಗೆ ಹೋಗಿಬರುವ ಕೆಲಸ ಸೊಸೆಯ ಪಾಲಿಗೆ ಬಂತು. ಅವಳೋ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು; ಪುಸ್ತಕ ಅಂದರೆ ಅತ್ತೆಯ ಮಂಚದ ಕೆಳಗೆ ಗುಡಿಸಲು ಅಡ್ಡ ಬರುವ ವಸ್ತು, ಅಷ್ಟೇ. ಲೈಬ್ರರಿಯಲ್ಲಿ ‘ನಿಶ್ಶಬ್ದ’ ಎಂಬ ದೊಡ್ಡ ಬೋರ್ಡು, ಅದರ ಕೆಳಗೇ ಕೂತು ಬಾಯಿಗೆ ಬಿಡುವಿಲ್ಲದೆ ಮಾತಾಡುವ ಲೈಬ್ರರಿಯನ್. ಯಾರಿಗೆ ಪುಸ್ತಕ, ಕೂತು ಓದುತ್ತಾರೋ ಮಲಗಿ ಓದುತ್ತಾರೋ, ಹಿಂದೆ ಏನು ಓದಿದ್ದರು ಎಂದೆಲ್ಲ ಕೆದಕಿದ. ಕೊನೆಗೆ ಅವಳ ಕೈಯಲ್ಲಿದ್ದ ಕಾದಂಬರಿ ನೋಡಿ, ಇದನ್ನು ಮುಗಿಸಲು ಎಷ್ಟು ದಿನ ಬೇಕಾದೀತು ಎಂದ. ಪಾಪ, ಅವನಿಗೇನು ಗೊತ್ತು! ಹೆತ್ತ ತಾಯಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಆ ಗುರುತಿಲ್ಲದ ಮನುಷ್ಯನೆದುರು ಅಳುತ್ತಾ ಹೇಳಿಬಿಟ್ಟಳು. ಲೈಬ್ರರಿಯನ್ ಬೋರ್ಡಿಗೆ ಮರ್ಯಾದೆ ಕೊಟ್ಟದ್ದು ಆವತ್ತೇ ಮೊದಲು. ಸುಮ್ಮನೆ ಕಾದಂಬರಿಯನ್ನು ವಾಪಸು ಕಪಾಟಿಗೆ ಸೇರಿಸಿ, ಬೇಗ ಮುಗಿಯುವಂಥ ಪತ್ತೇದಾರಿ ಪುಸ್ತಕವೊಂದನ್ನು ತಂದುಕೊಟ್ಟ. ಅತ್ತೆ ಓದುವುದು ಯಾವುದೂ ಅರ್ಧಕ್ಕೆ ನಿಲ್ಲಬಾರದು ಎಂದು ಇಬ್ಬರೂ ಮಾತಾಡಿಕೊಂಡರು.

ಪತ್ತೇದಾರಿ ಆಯಿತು, ಪ್ರವಾಸಕಥನ ಬಂತು. ಸಮುದ್ರ ದಾಟಿ ಬಂದಿದ್ದೀನಿ, ಕಾಲು ಒತ್ತು ಎಂದು ಅತ್ತೆ ಸೊಸೆಯನ್ನು ರೇಗಿಸಿದರು. ಆತ್ಮಕಥೆ ಓದಿ ಮೂಗು ಮುರಿದರು: ಇಷ್ಟೆಲ್ಲ ಸಾಧಿಸಿದನಂತೆ ಮಹಾಶಯ, ಅವನ ಬಟ್ಟೆ ಒಗೆದವರು ಯಾರು ಅಂತ ಒಂದು ಸಾಲಿಲ್ಲ. ವೈಜ್ಞಾನಿಕ ಕಥೆ ಓದಿ, ಬೇರೆ ಗ್ರಹಕ್ಕೆ ಹೋದರೂ ಜನ ಕಿತ್ತಾಡುವುದು ಜಾಗಕ್ಕೇ ಎಂದು ನಕ್ಕರು. ನಡುವೆ ನೋವು ಹೆಚ್ಚಿತು, ಕಣ್ಣು ಸೋತಿತು. ಸೊಸೆಯೇ ತಡವರಿಸುತ್ತಾ ಓದಿ ಹೇಳತೊಡಗಿದಳು. ಸಣ್ಣಕಥೆ ಬಂತು, ಹರಟೆ ಬಂತು, ಕಡೆಗೊಂದು ದಿನ ಹಾಳೆ ಎಣಿಸಿ ಹೇಳುವಷ್ಟು ತೆಳ್ಳಗಿದ್ದ ಕವನ ಸಂಕಲನ ಬಂತು.

ಅತ್ತೆ ಅದನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಇದೇನೇ, ಪುಸ್ತಕಾನೂ ನನ್ನ ಜೊತೆ ಸೊರಗ್ತಾ ಬಂತು?"

ಸೊಸೆ ಗಬಕ್ಕನೆ ಪುಸ್ತಕ ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಲೈಬ್ರರಿಯಲ್ಲಿ ಬೇರೆ ಸಿಗಲಿಲ್ಲ ಎಂದು ಏನೋ ತೊದಲಿದಳು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ. ನನ್ನ ಮಗನಿಗೆ ಬರುತ್ತೆ, ಅದಕ್ಕೇ ಅವನನ್ನ ಕೇಳ್ಲಿಲ್ಲ. ಡಾಕ್ಟ್ರು ಏನಂದ್ರು?"

ಗಂಡನಿಗೆ ಕೊಟ್ಟ ಆಣೆ ಅಡ್ಡ ಬಂತು. ಆದರೆ ಜೀವನವಿಡೀ ಕಂಡವರ ಮಾತನ್ನು ಅರ್ಧಕ್ಕೆ ಬಿಟ್ಟ ಹೆಂಗಸಿಗೆ ಅವರದೇ ಸುದ್ದಿಯನ್ನೂ ಅರ್ಧಕ್ಕೆ ನಿಲ್ಲಿಸುವುದು ಅವಳಿಂದ ಆಗಲಿಲ್ಲ. ಗಡ್ಡೆ ಎಂದಳು. ಹೆಚ್ಚು ದಿನ ಇಲ್ಲ ಎಂದಳು. ಹೇಳಿ, ಮಂಚದ ಅಂಚಿಗೆ ತಲೆಯಿಟ್ಟು ಬಿಕ್ಕಿದಳು. ಅತ್ತೆಯ ಕೈ ಅವಳ ತಲೆ ಸವರಿತು.

"ಹೆದರಿಕೆ ಆಗುತ್ತೆ ಕಣೇ," ಎಂದರು.

ಸಂಜೆ ಅತ್ತೆಯೇ ಸೊಸೆಯನ್ನು ಹತ್ತಿರ ಕರೆದರು. ತನಗೆ ಗೊತ್ತಾಗಿದೆ ಅನ್ನುವುದು ಮಗನಿಗೆ ಗೊತ್ತಾಗಬಾರದು, ಅವನು ತಡೆದುಕೊಳ್ಳುವುದಿಲ್ಲ ಎಂದರು. ಆಣೆ ಹಾಕಿಸುವುದರಲ್ಲಿ ತಾಯಿ ಮಗ ಒಂದೇ ಅಚ್ಚು.

"ನಾಳೆ ಲೈಬ್ರರಿಗೆ ಹೋಗಿ ದಪ್ಪಗಿರೋದು ತಾ. ಅದಕ್ಕಿಂತ ದಪ್ಪ ಇನ್ನೊಂದಿರಬಾರದು."

"ಮುಗಿಯಲ್ಲ ಅತ್ತೆ."

"ಮುಗಿಸೋಕೆ ಯಾರು ಹೇಳಿದ್ರು? ಅವನು ಕೆಲಸದಿಂದ ಬಂದೋನು ಮೊದಲು ದಿಂಬಿನ ಪಕ್ಕ ಪುಸ್ತಕ ನೋಡ್ತಾನೆ, ಆಮೇಲೆ ನನ್ನ ಮುಖ. ಅದು ತೆಳ್ಳಗಾದ ಹಾಗೆಲ್ಲ ಅವನ ಮುಖ ಸಣ್ಣಗಾಗ್ತಿದೆ. ನೀನು ನೋಡಿಲ್ಲ, ನಾನು ನೋಡಿದೀನಿ."

ಮಾರನೆಯ ದಿನ ಲೈಬ್ರರಿಯನ್ ಯಾಕೆ ಏನು ಎಂದು ಕೇಳಲಿಲ್ಲ. ಏಣಿ ಹತ್ತಿ, ಮೇಲಿನ ಅಟ್ಟದಿಂದ ಇಟ್ಟಿಗೆಯಂಥ ಐತಿಹಾಸಿಕ ಕಾದಂಬರಿಯೊಂದನ್ನು ಧೂಳು ಕೊಡವಿ ಇಳಿಸಿದ. ವಾಪಸು ಕೊಡುವ ತಾರೀಖು ಒತ್ತಲು ಮುದ್ರೆ ಎತ್ತಿದವನು ಹಾಗೇ ಕೆಳಗಿಟ್ಟ.

ಸಂಜೆ ಮಗ ಬಂದ. ಕೈಗೆ ಗ್ರೀಸು ಮೆತ್ತಿತ್ತು. ಬಾಗಿಲಲ್ಲೇ ನಿಂತು ದಿಂಬಿನ ಕಡೆ ನೋಡಿದವನು ಹತ್ತಿರ ಬಂದು, ಗ್ರೀಸು ಮೆತ್ತದ ಬೆರಳುಗಳಲ್ಲಿ ಹಿಡಿದು ಆ ಪುಸ್ತಕವನ್ನು ಎತ್ತಿ ನೋಡಿದ.

"ಅಮ್ಮಾ, ಇದನ್ನ ಮುಗಿಸೋ ಹೊತ್ತಿಗೆ ಬರೋ ವರ್ಷ ಆಗುತ್ತಲ್ಲ?"

"ಆಗ್ಲಿ ಬಿಡು," ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಈಗೇನು ಅವಸರ?"

ಮಗ ನಕ್ಕ. ಕೈ ತೊಳೆದು ಬಂದು ತಾಯಿಯ ಕಾಲ ಬಳಿ ಕೂತು, ಕಥೆ ಎಲ್ಲಿಗೆ ಬಂತು ಹೇಳು ಎಂದು ಪೀಡಿಸಿದ. ಮಧ್ಯಾಹ್ನ ಸೊಸೆ ಓದಿ ಹೇಳಿದ್ದ ಮೊದಲ ಅಧ್ಯಾಯವನ್ನು ಅವರು ರಾಜನಿಂದ ಹಿಡಿದು ಕುದುರೆಯವರೆಗೆ ಒಂದೂ ಬಿಡದೆ ಹೇಳಿದರು; ನಡುನಡುವೆ ನೋವಿಗೆ ಹಲ್ಲು ಕಚ್ಚಿದ್ದನ್ನು ಕಥೆಯ ಬಿಗಿಗೆ ಸೇರಿಸಿಬಿಟ್ಟರು. ಸೊಸೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತು ಮುಖ ತೊಳೆದುಕೊಂಡು ತಟ್ಟೆ ಹಾಕಿದಳು. ಎಷ್ಟೋ ವಾರಗಳ ಮೇಲೆ ಅವನು ಆವತ್ತು ಇನ್ನೊಂದು ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡ.