ಐವತ್ನಾಲ್ಕು ಪೌಂಡಿನ ಚೀಟಿ

ಟಪ್ — ಇಲ್ಲ, ಟಪ್ ಅಲ್ಲ, ಟಕ್, ಖಾಲಿ ರಟ್ಟಿನ ಡಬ್ಬಕ್ಕೆ ಬೆರಳಿನಿಂದ ಹೊಡೆದ ಹಾಗೆ, ರ‍್ಯಾಕೆಟ್ಟಿನ ಈ ಹೊಸ ತಂತಿಯ ಮೇಲೆ ಚೆಂಡು ನಿಲ್ಲುವುದೇ ಇಲ್ಲ, ಬಂತು, ಹೋಯಿತು, ಬಂದದ್ದೂ ಹೋದದ್ದೂ ಮೊಣಕೈಗೆ ಮಾತ್ರ ಗೊತ್ತು, ಗಡುಸು ಅಂತ ಬರ್ಕೋ ಅಣ್ಣ, ಎಂದು ಕೂಗಿದೆ, ಬೆಂಚಿನ ಮೇಲೆ ಕಾಲು ಚಾಚಿ ಕೂತ ಅಣ್ಣ ನೋಟ್‌ಬುಕ್ಕಿನಿಂದ ತಲೆಯೆತ್ತದೆ, ಗಡುಸು ಅಂದ್ರೆ ಸಾಕಾ, ಹತ್ತಕ್ಕೆ ಎಷ್ಟು ಹೇಳು, ಅನ್ನುತ್ತಾನೆ, ಎಂಟು, ಅಲ್ಲ, ಎಂಟೂವರೆ, ಅವನ ಮಂಡಿ ಸವೆದು ನಾಲ್ಕು ವರ್ಷವಾಯಿತು, ಓಡಲಾರ, ಆದರೆ ನಮ್ಮ ಟೆನಿಸ್ ಅಂಗಡಿಗೆ ಬಂದ ಹೊಸ ತಂತಿಯನ್ನು ಮನೆಯವರು ಯಾರಾದರೂ ಎರಡು ಗಂಟೆ ಆಡಿ ನೋಡದೆ ಗಿರಾಕಿಯ ರ‍್ಯಾಕೆಟ್ಟಿಗೆ ಬಿಗಿಯುವ ಹಾಗಿಲ್ಲ, ಅದು ಅಪ್ಪ ಹಾಕಿಟ್ಟ ನೇಮ, ಅಪ್ಪ ಹೋಗಿ ಎರಡು ವರ್ಷವಾದರೂ ಅಣ್ಣ ಅದನ್ನು ಬಿಟ್ಟಿಲ್ಲ, ಹಾಗಾಗಿ ಈ ಭಾನುವಾರದ ಬೆಳಗ್ಗೆ ಡೈರಿಯ ಲ್ಯಾಬಿನಿಂದ ಬಿಡುವಾದ ನಾನು, ನಲವತ್ತಾರರ ಹೆಂಗಸು, ಬಲೆಯ ಈಚೆ, ಅಣ್ಣನ ಗೆಳೆಯ ಹಲ್ಲಿನ ಡಾಕ್ಟರು ಆಚೆ, ಎಡಗೈ ಮನುಷ್ಯ, ಹಲ್ಲು ಕೀಳುವ ಹಾಗೆಯೇ ಹೊಡೆಯುತ್ತಾರೆ, ಎಳೆದು ತಿರುಚಿ — ಪಟಪಟ, ಪಟಪಟ, ಮತ್ತೆ ಈ ಚೀಟಿ, ಪ್ರತಿ ಹೊಡೆತಕ್ಕೂ ರ‍್ಯಾಕೆಟ್ಟಿನ ಕೊರಳಲ್ಲಿ ಪಟಪಟ, ಕತ್ತರಿಸಿ ಬಿಸಾಕೋ ಅಂದರೆ ಅಣ್ಣ ಕೇಳಲಿಲ್ಲ, ಇರ್ಲಿ ಬಿಡೇ ಪುಟ್ಟಿ, ಅಪ್ಪನ ಅಕ್ಷರ, ಕೈ ಬರಲ್ಲ, ಅಂದ. ಅಪ್ಪನ ಬೀರುವಿನಲ್ಲಿ ಸಿಕ್ಕಿತಂತೆ, ಬಟ್ಟೆ ಸುತ್ತಿ ಇಟ್ಟಿದ್ದರಂತೆ, ನನ್ನ ರ‍್ಯಾಕೆಟ್, ನನಗೆ ಹದಿನೇಳಾಗಿದ್ದಾಗಿನದು, ಕೈಗೆ ಕೊಟ್ಟು, ಹಳೇ ತಂತಿ ಕತ್ತರಿಸಿ ಇವತ್ತು ಬೆಳಗ್ಗೆ ಹೊಸಾದು ಹಾಕ್ದೆ, ಬಿಗಿ ಐವತ್ನಾಲ್ಕು ಪೌಂಡು, ಅಪ್ಪ ಚೀಟೀಲಿ ಬರ್ದಿದ್ದೇ ಹಾಕ್ದೆ, ಅಳೆದೂ ನೋಡಿದೀನಿ, ಸರಿಯಾಗಿ ಐವತ್ನಾಲ್ಕು, ಎಂದ, ಸೆಲೋಟೇಪು ಸುತ್ತಿದ ರಟ್ಟಿನ ಚೀಟಿ, ನೀಲಿ ಶಾಯಿ, ಐದು, ಅದರ ಪಕ್ಕ ಅಪ್ಪನ ನಾಲ್ಕು, ಬೋರಲು ಹಾಕಿದ ಕುರ್ಚಿಯಂಥ ನಾಲ್ಕು, ಸುಳ್ಳು ನಾಲ್ಕು. ಆಡೋಣ ನಡಿ ಎಂದೆ.

ಮೇಡಮ್ಮೋರೆ, ನಿದ್ದೆ ಬಂತಾ, ಎಂದು ಡಾಕ್ಟರು ಆಚೆಯಿಂದ, ಬಂದ ಚೆಂಡನ್ನು ಬಿಟ್ಟುಬಿಟ್ಟಿದ್ದೇನೆ, ಇಲ್ಲ ಡಾಕ್ಟ್ರೆ, ತಂತಿ ಸರಿ ಮಾಡ್ತಿದೀನಿ, ಎಂದು ಹೆಬ್ಬೆರಳುಗಳಿಂದ ತಂತಿಗಳನ್ನು ನೇರ ಮಾಡುವ ನಾಟಕ ಮಾಡಿದೆ, ನೇರವಾಗಿಯೇ ಇದ್ದವು, ಪಾಲಿಯೆಸ್ಟರ್ ತಂತಿ ಜರುಗಿದರೂ ತಾನೇ ಜಾರಿ ವಾಪಸು ಕೂರುತ್ತದೆ, ಅದೇ ಇದರ ಹೆಚ್ಚುಗಾರಿಕೆ, ಇದನ್ನೂ ಬರಕೊಳ್ಳಲಿ, ಮುಂಚಿನ, ದನದ ಕರುಳಿನ ತಂತಿ ಹಾಗಲ್ಲ, ಹೊಡೆದಷ್ಟೂ ಓರೆಯಾಗುತ್ತಿತ್ತು, ಪ್ರತಿ ಪಾಯಿಂಟಿಗೂ ಬೆರಳಿನಿಂದ ತಿದ್ದಬೇಕು, ಅಪ್ಪನ ಹೆಬ್ಬೆರಳುಗಳು ಹಾಗೆ ತಿದ್ದಿ ತಿದ್ದಿ ಚಪ್ಪಟೆಯಾಗಿದ್ದವು, ಉಗುರಿನ ಪಕ್ಕ ಗೀರು, ಮೇಣದ ವಾಸನೆ, ಆ ವಾಸನೆ ಈಗ ಎಲ್ಲಿ ಸಿಗುತ್ತದೆ, ಅಂಗಡಿಯ ಒಳಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತ ಚಿಕ್ಕ ಹುಡುಗಿ ನಾನು, ಕಣ್ಣು ಮುಚ್ಚು, ಅನ್ನುತ್ತಾನೆ ಅಪ್ಪ, ಮುಚ್ಚಿದೆ, ಕಳ್ಳಿ, ಸಂದಿಯಿಂದ ನೋಡ್ತಿದೀಯ, ಇಲ್ಲಪ್ಪ, ನಿನ್ನಾಣೆ, ಟಿಂಯ್, ಬೆರಳಿನಿಂದ ತಂತಿ ಮೀಟಿದ, ಎಷ್ಟು ಪೌಂಡು, ಐವತ್ತೆರಡು, ಎಷ್ಟು, ಸರಿಯಾಗಿ ಕೇಳು, ಐವತ್ತೆರಡೂವರೆ, ನೋಡು ಇದು ನನ್ನ ಮಗಳು, ಎಂದು ಗೋಡೆಗೆ ಹೇಳುತ್ತಾನೆ, ಅಲ್ಲಿ ಗೋಡೆ ಬಿಟ್ಟು ಯಾರೂ ಇಲ್ಲ, ಅಣ್ಣನಿಗೆ ಈ ಕಿವಿ ಇರಲಿಲ್ಲ, ಅವನು ಇಪ್ಪತ್ತರ ವಯಸ್ಸಿಗೇ ತಂತಿ ಬಿಗಿಯುವ ಮಷೀನು ಹಿಡಿದಿದ್ದರೂ ಪೌಂಡನ್ನು ಮುಳ್ಳು ನೋಡಿಯೇ ಹೇಳಬೇಕಿತ್ತು, ಅದಕ್ಕೆ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚು, ನನಗೆ ಅಷ್ಟೇ ಕೊಬ್ಬು. ಅಪ್ಪನ ಮಷೀನಿನಲ್ಲಿ ಬಿಗಿದ ಕರುಳಿನ ತಂತಿ ಒಂದು ಪಂದ್ಯ ಪೂರ್ತಿ ಆಡಿದರೂ ಒಂದು ಪೌಂಡು ಇಳಿಯುತ್ತಿರಲಿಲ್ಲ, ಬರೆದ ಚೀಟಿ ಕೊರಳಲ್ಲಿ ಕಟ್ಟಿದ ಮೇಲೆ ಅದು ಅಪ್ಪನ ಮಾತು, ಊರಿನ ಆಟಗಾರರೆಲ್ಲ ಆ ಚೀಟಿಯನ್ನು ನಂಬುತ್ತಿದ್ದರು, ನಾನೂ ನಂಬಿದ್ದೆ.

ಹತ್ತಕ್ಕೆ ಒಂಬತ್ತು, ಚೆಂಡು ತಿರುಗುವುದಕ್ಕೆ ಒಂಬತ್ತು ಬರಿ ಅಣ್ಣ, ಇದು ಸುಮ್ಮನೆ ಹೇಳುವುದಲ್ಲ, ಕೆಳಗಿನಿಂದ ಮೇಲಕ್ಕೆ ಬಾಚಿದರೆ ಚೆಂಡು ಬಲೆಯ ಮೇಲೆ ಎರಡು ಮೊಳ ಎದ್ದು ಗೆರೆಯ ಒಳಗೆ ದಡಕ್ಕನೆ ಇಳಿಯುತ್ತದೆ, ಡಾಕ್ಟರ ಭುಜದೆತ್ತರಕ್ಕೆ ಪುಟಿಯುತ್ತದೆ, ಅಯ್ಯಯ್ಯೋ ಇದೇನ್ರೀ ಇದು, ಅನ್ನುತ್ತಾರೆ ಅವರು, ನಗು ಬಂತು, ಖುಷಿಯಾಗುತ್ತಿದೆ, ಒಪ್ಪಿಕೊಳ್ಳಲು ನಾಚಿಕೆ, ಇಪ್ಪತ್ತೊಂಬತ್ತು ವರ್ಷದ ಹಿಂದೆಯೂ ಇದೇ ಖುಷಿ ಆಗಿತ್ತಲ್ಲ, ನನ್ನ ಟೂರ್ನಮೆಂಟಿನ ಫೈನಲ್‌ಗೆ ಮೂರು ದಿನ ಮುಂಚೆ ಒಬ್ಬ ಮಾರಾಟಗಾರ ಅಂಗಡಿಯಲ್ಲಿ ಸೂಟ್‌ಕೇಸು ಬಿಚ್ಚಿ, ಇದು ಪಾಲಿಯೆಸ್ಟರ್, ಇನ್ನು ಮುಂದೆ ಇದೇ ಕಾಲ, ಎಂದು ಎರಡು ಸುರುಳಿ ಕೊಟ್ಟು ಹೋದ, ಅಪ್ಪ ಒಂದನ್ನು ಹಾಕಿ ತಾನೇ ಹತ್ತು ನಿಮಿಷ ಗೋಡೆಗೆ ಹೊಡೆದು, ಕೈ ಕೊಡವಿ, ಭಾರೀ ಗಟ್ಟಿ ಇದು, ಅಂದ, ಎರಡು ಗಂಟೆ ಆಡಿ ನೋಡಲು ಪುರುಸೊತ್ತಾಗಲಿಲ್ಲ, ಆ ಒಂದು ಸಲ ಮಾತ್ರ ನೇಮ ತಪ್ಪಿತು, ತಪ್ಪಿಸಿದ್ದು ನಾನು, ನಂಗಿದೇ ಬೇಕು ಅಪ್ಪ, ಎದುರಿನವಳು ಈಗಾಗಲೇ ಹಾಕಿಸ್ಕೊಂಡಿದಾಳಂತೆ, ನಾಲ್ಕು ಕಮ್ಮಿ ಹಾಕ್ಲಾ ಪುಟ್ಟಿ, ನಿನ್ನ ಮೊಣಕೈ ಮೊದಲೇ ಸರಿ ಇಲ್ಲ, ಬೇಡ, ಐವತ್ನಾಲ್ಕೇ, ಮೊಣಕೈ ಹೋಗುತ್ತೆ ಕಣೆ, ಹೋಗ್ಲಿ, ಐವತ್ನಾಲ್ಕು, ಒಂದು ಪೌಂಡೂ ಕಮ್ಮಿ ಆಗ್ಬಾರ್ದು, ಅಪ್ಪ ಸುರುಳಿ ಎತ್ತಿಕೊಂಡು, ಆಯ್ತಮ್ಮ, ಅಂದ. ಫೈನಲ್ಲಿನ ಬೆಳಗ್ಗೆ ಬಿಗಿದು ಚೀಟಿ ಕಟ್ಟಿ ಕೊಟ್ಟ, ಮೊದಲ ಸೆಟ್ಟು ನನ್ನದು, ಆರು ಎರಡು, ಎರಡನೆಯದರಲ್ಲಿ ಚೆಂಡು ಯಾಕೋ ಹಗುರಾಗಿ ಹಾರತೊಡಗಿತು, ಮೂರನೆಯದರಲ್ಲಿ ನಾನು ಗೆರೆಗೆ ಹೊಡೆದರೆ ಗೆರೆ ದಾಟುತ್ತಿತ್ತು, ನಾನು ನನ್ನ ಕೈಯನ್ನೇ ಬೈದುಕೊಳ್ಳುತ್ತ, ಕೊನೆಯ ಚೆಂಡು, ಚೆನ್ನಾಗಿಯೇ ಹೊಡೆದೆ, ಈಗಲೂ ಆಣೆ ಮಾಡಿ ಹೇಳುತ್ತೇನೆ ಚೆನ್ನಾಗಿಯೇ ಹೊಡೆದೆ, ಗೆರೆಯಿಂದ ಆಚೆ ನಾಲ್ಕು ಬೆರಳು, ಅಂಪೈರು ಗುರುತಿನ ಪಕ್ಕ ಕೈ ಇಟ್ಟು ತೋರಿಸಿದ, ನಾಲ್ಕು ಬೆರಳು.

ಔಟ್, ಎಂದರು ಡಾಕ್ಟರು, ಅಲ್ಲ ಡಾಕ್ಟ್ರೆ, ಗೆರೆ ಮೇಲೆ, ಔಟ್ ರೀ, ಇಷ್ಟು, ಎಂದು ಅಂಗೈ ತೋರಿಸಿದರು, ಇದು ನಾಲ್ಕನೆಯದು, ಹೋದ ಅರ್ಧ ಗಂಟೆಯಿಂದ ಉದ್ದ ಹೋಗುತ್ತಿದೆ, ವಯಸ್ಸಾಯ್ತು ಮೇಡಮ್ಮೋರೆ, ಕಾಲು ಬರ್ತಿಲ್ಲ, ಎಂದು ಕಾಲೆಳೆಯುತ್ತಾರೆ, ಇರಬಹುದು, ಉಸಿರು ಸಾಲದು, ಬೆವರು ಕಣ್ಣಿಗಿಳಿಯುತ್ತಿದೆ, ಆದರೆ ಹೊಡೆತದ ಸದ್ದು ಬೇರೆಯಾಗಿದೆಯಲ್ಲ, ಆಗಿನ ಟಕ್ ಈಗ ಟಪ್ ಆಗಿದೆ, ಅಥವಾ ನನ್ನ ಕಿವಿಯೇ, ಈ ಕಿವಿ, ಐವತ್ತೆರಡೂವರೆ ಎಂದ ಕಿವಿ, ಆ ಸಂಜೆ ಸೋತು ಬಂದು ಒಳಕೋಣೆಯಲ್ಲಿ ಬೆರಳಿನಿಂದ ಮೀಟಿದರೆ ಟಿಂಯ್ ಅಲ್ಲ, ಟುಂಯ್, ಹಸಿರು ಡಬ್ಬದಿಂದ ಬಿಗಿ ಅಳೆಯುವ ಮೀಟರು ತೆಗೆದು ತಂತಿಗೆ ಸಿಕ್ಕಿಸಿದರೆ ಮುಳ್ಳು ಐವತ್ತರಲ್ಲಿ ನಿಂತಿತು, ಐವತ್ತು, ಕೂದಲಿನಷ್ಟೂ ಆಚೆ ಈಚೆ ಇಲ್ಲ, ನಾಲ್ಕು ಕಮ್ಮಿ ಹಾಕ್ಲಾ ಪುಟ್ಟಿ, ಎಂದು ಕೇಳಿದ ಅದೇ ನಾಲ್ಕು, ಅಪ್ಪ ಬಂದ, ತೋರಿಸಿದೆ, ನನ್ನ ಮೊಣಕೈ ಉಳಿಸೋಕೆ ನನ್ನ ಆಟ ತೆಗೆದ್ರಿ, ಬರೆಯೋದು ಒಂದು ಬಿಗಿಯೋದು ಒಂದು, ಸುಳ್ಳು ಬರೆದ್ರಿ, ಎಂದೆ, ಅಪ್ಪ ಮುಳ್ಳನ್ನು ನೋಡಿದ, ಬಗ್ಗಿ ನೋಡಿದ, ಚೀಟಿ ನೋಡು ಪುಟ್ಟಿ, ಅಂದ, ಅಷ್ಟೇ, ಚೀಟಿ ನೋಡು, ಇನ್ನೇನೂ ಇಲ್ಲ, ಇನ್ಮೇಲೆ ನನ್ನ ರ‍್ಯಾಕೆಟ್ ಮುಟ್ಟಬೇಡಿ, ಎಂದು ಅದನ್ನು ಅಲ್ಲೇ ಬಿಟ್ಟು ಬಂದೆ. ಹುಟ್ಟಿದಾಗಿನಿಂದ ನೀನು ಅನ್ನುತ್ತಿದ್ದ ಅಪ್ಪನಿಗೆ ಆ ಸಂಜೆಯಿಂದ ನೀವು, ಊಟಕ್ಕೆ ಬನ್ನಿ, ಔಷಧ ತಗೊಂಡ್ರಾ, ನೆಂಟರೆಲ್ಲ, ಹುಡುಗಿಗೆ ಬುದ್ಧಿ ಬಂತು, ಎಷ್ಟು ಮರ್ಯಾದೆ ಕೊಡ್ತಾಳೆ, ಎಂದು ಹೊಗಳಿದರು, ಯಾಕೆಂದು ಗೊತ್ತಿದ್ದದ್ದು ಅಪ್ಪ ಒಬ್ಬನಿಗೇ, ಅಪ್ಪ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ, ಆಟ ಬಿಟ್ಟೆ, ಮನೆಯಲ್ಲಿ ಟೆನಿಸ್ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದೆ, ಹಾಲಿನ ಕೊಬ್ಬು ಅಳೆಯುವ ಕೆಲಸ ಹಿಡಿದೆ, ಮೀಟರಿಗೆ ಮಮತೆ ಇಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂದು ಹೊಸಬರಿಗೆಲ್ಲ ಪಾಠ ಮಾಡಿದೆ, ಆ ಸೋಲಿನ ಮರುದಿನದಿಂದ ಅಪ್ಪ ಒಂದು ವಾರ ಅಂಗಡಿ ಅರ್ಧ ಬಾಗಿಲು ಹಾಕಿ ಮಷೀನನ್ನು ಪೂರ್ತಿ ಬಿಚ್ಚಿ, ಸ್ಪ್ರಿಂಗು ಒರೆಸಿ, ತೂಕದ ಬಟ್ಟು ನೇತುಹಾಕಿ, ನೋಡಿ, ಮತ್ತೆ ನೇತುಹಾಕಿ, ನಾನು ಬಾಗಿಲಲ್ಲಿ ನಿಂತು ನೋಡಿ ಮನಸ್ಸಿನಲ್ಲೇ ಅಂದುಕೊಂಡೆ, ನಾಟಕ. ಅಪ್ಪ ಹೋದ ಮೇಲೆ, ಅಪ್ಪ ಹೋದ ಮೇಲೆ ಮಾತ್ರ, ಡಾಕ್ಟರ ಹೆಂಡತಿಯ ರ‍್ಯಾಕೆಟ್ ಇಸಕೊಂಡು ಭಾನುವಾರ ಆಡತೊಡಗಿದೆ.

ಸಾಕು, ಎರಡು ಗಂಟೆ ಆಯ್ತು, ಬನ್ನಿ ಇಬ್ರೂ, ಎಂದು ಅಣ್ಣ ನೀರಿನ ಬಾಟಲಿ ನೀಡಿ ಜೇಬಿನಿಂದ ಮೀಟರು ತೆಗೆದ, ಹಸಿರು ಡಬ್ಬ, ಅದೇ ಡಬ್ಬ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡು, ನಾನೇ ಹಾಕ್ತೀನಿ ಕೊಡು, ಎಂದು ತಂತಿಗೆ ಸಿಕ್ಕಿಸಿದೆ, ಮುಳ್ಳು ಎದ್ದು, ತೂಗಾಡಿ, ಐವತ್ತರಲ್ಲಿ ನಿಂತಿತು, ಇಲ್ಲ, ಸರಿಯಾಗಿ ಕೂತಿಲ್ಲ, ತೆಗೆದು ಹಾಕಿದೆ, ಐವತ್ತು, ಪಕ್ಕದ ತಂತಿಗೆ, ಐವತ್ತು, ಬೆಳಗ್ಗೆ ನೀನು ಸರಿಯಾಗಿ ಅಳೆದಿಲ್ಲ ಅಣ್ಣ, ಅಳೆದಿದೀನಿ ಕಣೆ, ಐವತ್ನಾಲ್ಕಿತ್ತು, ಇಲ್ನೋಡು ಬರ್ಕೊಂಡಿದೀನಿ, ಮತ್ತೆ ಇದು, ಇದಾ, ಇದರಲ್ಲೇನಿದೆ, ಪಾಲಿ ಅಂದ್ಮೇಲೆ ಬಿಗಿ ಬಿಡೋದೇ, ಎರಡು ಗಂಟೆ ಹೊಡೆದ್ರೆ ನಾಲ್ಕು ಪೌಂಡು ಇಳಿಯುತ್ತೆ, ಎಲ್ರಿಗೂ ಗೊತ್ತಿರೋದೇ, ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ, ಬಿಗಿ ಉಳಿಸಿಕೊಳ್ಳುವುದು, ಹತ್ತಕ್ಕೆ ನಾಲ್ಕು, ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ, ಎಲ್ರಿಗೂ ಗೊತ್ತಿರೋದೇ, ಆವಾಗ ಗೊತ್ತಿತ್ತಾ ಅಣ್ಣ, ಯಾವಾಗ, ನಾನು ಆಡೋವಾಗ, ಆವಾಗ ಯಾರಿಗೆ ಗೊತ್ತಿತ್ತು ಮಾರಾಯ್ತಿ, ಅದು ಬಂದಿದ್ದೇ ಆವಾಗ, ಅಪ್ಪಂಗೂ ಗೊತ್ತಿರ್ಲಿಲ್ಲ, ನಮಗೆಲ್ಲ ತಿಳಿಯೋಕೆ ಎಷ್ಟೋ ವರ್ಷ ಆಯ್ತು, ಡಾಕ್ಟರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಏನಾಯ್ತು, ಮುಖ ಯಾಕೆ ಹಂಗಾಯ್ತು, ಏನಿಲ್ಲ, ಬಿಸಿಲು, ಎಂದೆ, ಹೋಗಿ ನಿಂಬೆ ನೀರು ತರ್ತೀನಿ ಇರಿ ಎಂದು ಹೋದರು. ತಿಳಿದ ಮೇಲಾದರೂ ಅಪ್ಪ ನನಗೆ ಯಾಕೆ ಹೇಳಲಿಲ್ಲ, ಎದ್ದು ಹೋಗುತ್ತಿದ್ದೆನಲ್ಲ, ಟೆನಿಸ್ ಅಂದರೆ ಎದ್ದು ಹೋಗುತ್ತಿದ್ದೆ, ಒಂದು ಸಲ, ಹೌದು, ನನ್ನ ಮಗಳು ಹುಟ್ಟಿದ ವರ್ಷ, ಜಗುಲಿಯಲ್ಲಿ ಕೂತು, ಪುಟ್ಟಿ, ಆ ಪಾಲಿ ತಂತಿ ಇದೆಯಲ್ಲ, ಅದು, ಎಂದು ಶುರು ಮಾಡಿದ್ದ, ಮಗುವಿಗೆ ಹಾಲು ಕುಡಿಸ್ಬೇಕು ಎಂದು ಒಳಗೆ ಹೋದೆ, ಮಗು ನಿದ್ದೆ ಮಾಡುತ್ತಿತ್ತು.

ನಾನು, ಹಾಲಿನ ಲ್ಯಾಬಿನವಳು, ಆ ಫೈನಲ್ ಆಡುವ ಮೊದಲು ಒಂದು ಸಲವೂ ಅಳೆದಿರಲಿಲ್ಲ, ಹೊಸಬರು ಹಾಗೆ ಮಾಡಿದರೆ ಬೈಯುತ್ತೇನೆ, ಒಂದೇ ಅಳತೆ ಹಿಡ್ಕೊಂಡು ತೀರ್ಪು ಕೊಡ್ತೀರಾ ಎಂದು ಎಲ್ಲರ ಮುಂದೆ ಬೈಯುತ್ತೇನೆ, ಅಣ್ಣಾ, ಆವಾಗ ಅಪ್ಪ ಮಷೀನು ಬಿಚ್ಚಿದ್ದ ನೆನಪಿದೆಯಾ, ಯಾಕಿಲ್ಲ, ನೀನು ಫೈನಲ್ ಸೋತ ವಾರ, ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಕಣೋ, ಮಷೀನು ಸರಿ ಇದೆ, ಕೈಯೇ ಕೆಟ್ಟಿರಬೇಕು, ಅಂತಿದ್ದ ಅಪ್ಪ, ಆಮೇಲೆ ಪ್ರತಿ ರ‍್ಯಾಕೆಟ್ಟೂ ಬಿಗಿದ್ಮೇಲೆ ಮೂರು ಮೂರು ಸಲ ಅಳೀತಿದ್ದ, ಕೊನೇವರೆಗೂ ಆ ಅಭ್ಯಾಸ ಬಿಡ್ಲಿಲ್ಲ, ಗಿರಾಕಿಗಳು ನಗ್ತಿದ್ರು, ಯಾಕೆ ಕೇಳ್ದೆ, ಸುಮ್ಮನೆ, ಸುಮ್ಮನೆ ಕೇಳಿದೆ, ಅಪ್ಪನ ಕೈ, ಚಪ್ಪಟೆ ಹೆಬ್ಬೆರಳಿನ ಆ ಕೈ, ತಪ್ಪೇ ಮಾಡದ ಆ ಕೈಯನ್ನು ಅಪ್ಪ ಎಷ್ಟೋ ವರ್ಷ ಅನುಮಾನದಿಂದ ನೋಡಿಕೊಂಡ, ನಾನು ನಾಟಕ ಅಂದೆ, ನೀವು ಅಂದೆ, ಔಷಧ ತಗೊಂಡ್ರಾ ಅಂದೆ, ಗಾಳಿ ಬೀಸಿತು, ಮಡಿಲಲ್ಲಿ ರ‍್ಯಾಕೆಟ್, ಅದರ ಕೊರಳಲ್ಲಿ ಚೀಟಿ ಒಮ್ಮೆ ತಿರುಗಿ ನನ್ನ ಕಡೆ ನಿಂತಿತು, ಚೀಟಿ ನೋಡು ಪುಟ್ಟಿ, ನೋಡ್ತಿದೀನಿ ಅಪ್ಪ, ನೀನು ಬರೆದದ್ದು, ನೀನು ಬಿಗಿದದ್ದು, ನೀನು, ಐದು, ಅದರ ಪಕ್ಕ ಬೋರಲು ಹಾಕಿದ ಕುರ್ಚಿ, ನೀಲಿ ಶಾಯಿ, ಐವತ್ನಾಲ್ಕು, ಐವತ್ನಾಲ್ಕು, ಐವತ್ನಾಲ್ಕು —