ಮೂವತ್ತು ಗಂಟೆಯ ಅಂಗಿ

ತೊಟ್ಟವರು ಕಣ್ಣಿಗೆ ಕಾಣದಂತೆ ಮಾಡುವ ಅಂಗಿ ದೇಶದಲ್ಲಿ ಇದ್ದದ್ದು ನಾಲ್ಕೇ. ಸೈನ್ಯಕ್ಕಾಗಿ ಅವನ್ನು ತಯಾರಿಸಿದ್ದ, ಹೊಸೂರು ಬಳಿಯ ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಬ್ಯಾಟರಿಯ ಕೆಲಸ ಮಾಲಿನಿಯದು. ಅಳತೆ ಕೊಡಲು ಬಂದ ಯೋಧರಲ್ಲಿ ಬೇರಿಕೆ ಊರಿನ ಭೈರೇಶ್ ಒಬ್ಬ. ಅಂಗಿ ತೊಟ್ಟು ಮಾಯವಾದವನು ಅವಳ ಮೇಜಿನ ಮೇಲಿದ್ದ ಟೀಯನ್ನು ಕುಡಿದುಬಿಟ್ಟ. ಗಾಳಿಯಲ್ಲಿ ವಾಲಿದ ಲೋಟ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಮರುವರ್ಷ ಇಬ್ಬರಿಗೂ ಮದುವೆಯಾಯಿತು.

"ಚಾರ್ಜು ನಾಲ್ಕೇ ಗಂಟೆ ಬತ್ತದೆ ಕಣೆ," ಎಂದಿದ್ದ ಅವನು ರಜೆಗೆ ಬಂದಾಗ. "ಗಡಿ ದಾಟಿ ಅವ್ರ ಕಡೆ ಹೋಗಿದ್ದಾಗ ಮುಗುದ್ರೆ ನನ್ ಕತೆ ಅಲ್ಲೇ ಮುಗೀತದೆ."

ಎಂಟು ತಿಂಗಳು ದುಡಿದು ಅವಳು ಅದನ್ನು ಮೂವತ್ತು ಗಂಟೆಗೆ ಏರಿಸಿದಳು. ತೊಟ್ಟವನು ಪ್ರಜ್ಞೆ ತಪ್ಪಿದರೆ ಅಂಗಿ ತಾನಾಗಿಯೇ ಆಫ್ ಆಗಬೇಕು ಎಂದೂ ವರದಿಯಲ್ಲಿ ಬರೆದಳು. ಹಾಗಾದರೆ ಅವನು ಶತ್ರುವಿನ ಕಣ್ಣಿಗೆ ಬೀಳುತ್ತಾನೆಂದು ಮೇಲಿನವರು ಆ ಸಾಲನ್ನು ಹೊಡೆದುಹಾಕಿದರು. ಭೈರೇಶನ ತಂಡ ಹೊರಡುವ ದಿನ ಹತ್ತಿರವಿತ್ತು. ಅವಳು ವಾದ ಮಾಡದೆ ಸಹಿ ಹಾಕಿದಳು.

ಜನವರಿಯಲ್ಲಿ, ಗಡಿಯಾಚೆಯಿಂದ ಮರಳುವಾಗ, ಭೈರೇಶನ ತೊಡೆಗೆ ಗುಂಡು ತಾಗಿತು. ಅಂಗಿ ತೊಟ್ಟ ಮೂರನೆಯ ಗಂಟೆಗೆ ನಮ್ಮ ನೆಲ ತಲುಪಿ ಹಿಮದ ಮೇಲೆ ಎಚ್ಚರ ತಪ್ಪಿ ಬಿದ್ದ. ಅಂಗಿ ಅವನ ಮೈಶಾಖವನ್ನೂ ಮರೆಮಾಡಿತ್ತು. ಹುಡುಕಲು ಹೋದ ಗೆಳೆಯರು ಹತ್ತು ಹೆಜ್ಜೆ ದೂರದಲ್ಲಿ ಎರಡು ಸಲ ಹಾದುಹೋದರು. ಮೂವತ್ತನೆಯ ಗಂಟೆಗೆ ಬ್ಯಾಟರಿ ಸತ್ತಾಗಲೇ ಅವನ ಹೆಣ ಕಾಣಿಸಿದ್ದು. ಬಿದ್ದ ಮೇಲೆ ಇಪ್ಪತ್ತು ಗಂಟೆ ಜೀವ ಹಿಡಿದುಕೊಂಡಿದ್ದನೆಂದು ವೈದ್ಯರು ಹೇಳಿದರು.

ಮಣ್ಣಾದ ಮಾರನೆಯ ದಿನ ಅವನ ತಾಯಿ ಆದಿಲಕ್ಷ್ಮಮ್ಮ ಕೇಳಿದರು, "ಜೊತೇಲಿದ್ದೋರು ಹುಡುಕ್ನಿಲ್ವಾ ತಾಯಿ?"

"ಹುಡುಕಿದ್ರು ಅತ್ತೆ. ಕಾಣ್ನಿಲ್ಲ." ಮಾಲಿನಿಗೆ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. "ಮೊದ್ಲಿನಂಗೆ ನಾಲ್ಕು ಗಂಟೇಗೆ ಬ್ಯಾಟ್ರಿ ನಿಂತಿದ್ರೆ ಸಿಕ್ತಿದ್ರು. ಜಾಸ್ತಿ ಮಾಡಿದ್ದು ನಾನೇ."

ಮುದುಕಿ ಗೋಡೆಯ ಕಡೆ ತಿರುಗಿಕೊಂಡರು. "ನೀನೀಗ ಹೋಗವ್ವ," ಎಂದರು. "ನಿನ್ ಮುಖ ನೋಡಾಕೆ ಆಯ್ತಿಲ್ಲ ನಂಗೆ."

ಮಾಲಿನಿ ಹೊಸೂರಿನ ಬಸ್ಸು ಹತ್ತಿದಳು. ಹೊಡೆದುಹಾಕಿದ್ದ ಸಾಲನ್ನು ಮತ್ತೆ ಬರೆದು, ಒಪ್ಪುವವರೆಗೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲವೆಂದಳು. ಉಳಿದ ಮೂರು ಅಂಗಿಗಳಿಗೆ ಆ ವ್ಯವಸ್ಥೆ ಬಂತು. ಅದರಿಂದ ಅವಳಿಗೆ ಯಾವ ಸಮಾಧಾನವೂ ಆಗಲಿಲ್ಲ.

ತಿಂಗಳ ತಿಥಿಗೆ ಅವಳು ಬೇರಿಕೆಗೆ ಹೋಗಿ, ಒಳಗೆ ಕಾಲಿಡಲಾರದೆ ಜಗಲಿಯ ಮೇಲೆ ಕೂತಳು. ಎಲ್ಲರ ಊಟವಾದ ಮೇಲೆ ಆದಿಲಕ್ಷ್ಮಮ್ಮ ಎಲೆಯಲ್ಲಿ ಅನ್ನ ತಂದು ಮುಂದಿಟ್ಟರು.

"ಉಣ್ಣು," ಎಂದರು. ಮುದುಕಿ ಪಕ್ಕದಲ್ಲೇ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.